ಹಿಮದ ಮೇಲೆ ಹಾಸುವ ಬೇಸಿಗೆ ಬಟ್ಟೆ

ಜನವರಿಯ ಬೆಳಿಗ್ಗೆ ಟೋಕಿಯೊದಲ್ಲಿ ಜೊಯೆತ್ಸು ಶಿಂಕಾನ್‌ಸೆನ್ ರೈಲು ಹತ್ತಿದರೆ ಕಿಟಕಿಯಾಚೆ ಹೆಚ್ಚಾಗಿ ಕಾಣುವುದು ತಿಳಿಯಾದ ನೀಲಿ ಆಕಾಶ, ಒಣಗಿದ ಗದ್ದೆ. ಆಮೇಲೆ 22 ಕಿಲೋಮೀಟರ್ ಉದ್ದದ ದಾಯ್‌ಶಿಮಿಜು ಸುರಂಗ ಬರುತ್ತದೆ. ಅದನ್ನು ದಾಟಿ ಎಚಿಗೊ-ಯುಜಾವಾ ತಲುಪುವ ಹೊತ್ತಿಗೆ ಮನೆಗಳು ಹಿಮದಲ್ಲಿ ಅರ್ಧ ಹೂತಿರುತ್ತವೆ. ಅಥೆನ್ಸ್‌ಗಿಂತಲೂ ತುಸು ದಕ್ಷಿಣಕ್ಕಿರುವ ಊರಿದು.

ಇಷ್ಟು ಹಿಮಕ್ಕೆ ಚಳಿಯೊಂದೇ ಕಾರಣವಲ್ಲ. ಸಮುದ್ರದ ಆಚೆ ದಡದಲ್ಲಿರುವ ರಷ್ಯಾದ ವ್ಲಾದಿವೊಸ್ತೋಕ್ ಇದಕ್ಕಿಂತ ಎಷ್ಟೋ ಹೆಚ್ಚು ಚಳಿಯ ಊರು. ಆದರೆ ಅಲ್ಲಿ ಬೀಳುವ ಹಿಮ ಕಡಿಮೆ. ವ್ಯತ್ಯಾಸ ಇರುವುದು ನಡುವಿನ ನೀರಿನಲ್ಲಿ. ಕುರೊಶಿಯೊ ಎಂಬ ಬೆಚ್ಚನೆಯ ಸಾಗರ ಪ್ರವಾಹದ ಒಂದು ಕವಲು ತ್ಸುಶಿಮಾ ಜಲಸಂಧಿಯಿಂದ ಜಪಾನ್ ಸಮುದ್ರಕ್ಕೆ ನುಗ್ಗಿ, ಹೊನ್ಶು ದ್ವೀಪದ ಪಶ್ಚಿಮ ಕರಾವಳಿಯುದ್ದಕ್ಕೂ ಹರಿಯುತ್ತದೆ. ಹಾಗಾಗಿ ನಡುಚಳಿಗಾಲದಲ್ಲೂ ಅಲ್ಲಿನ ನೀರಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಸೈಬೀರಿಯಾದಿಂದ ಹೊರಟ ವಾಯವ್ಯದ ಗಾಳಿಯೋ ಕೊರೆಯುವಷ್ಟು ತಣ್ಣಗೆ, ಒಣ ಒಣ. ನೂರಾರು ಕಿಲೋಮೀಟರ್ ಸಮುದ್ರ ದಾಟುವಾಗ ಅದು ಕೆಳಗಿನಿಂದ ಶಾಖವನ್ನೂ ತೇವವನ್ನೂ ಹೀರುತ್ತಾ ಬರುತ್ತದೆ. ನೀರಿಗೂ ಗಾಳಿಗೂ ಉಷ್ಣಾಂಶದ ಅಂತರ ಹೆಚ್ಚಿದಷ್ಟೂ ಮೋಡ ಎತ್ತರಕ್ಕೆ ಬೆಳೆಯುತ್ತದೆ. ದಡ ಮುಟ್ಟಿದ ಗಾಳಿಗೆ ಎದುರಾಗುವುದು ಎಚಿಗೊ ಪರ್ವತಸಾಲು. ಏರಲೇಬೇಕು, ಏರಿದರೆ ಸುರಿಯಲೇಬೇಕು. ಅರಬ್ಬಿ ಸಮುದ್ರದ ಮುಂಗಾರು ಘಟ್ಟಕ್ಕೆ ಬಡಿದು ಆಗುಂಬೆಯನ್ನು ತೋಯಿಸಿ ಚಿತ್ರದುರ್ಗವನ್ನು ಒಣಗಿಸುವುದೂ ಹೀಗೆಯೇ. ಟೋಕಿಯೊ ಇಲ್ಲಿಯ ಚಿತ್ರದುರ್ಗ.

ಇದಕ್ಕಿಂತ ಒರಟಾದ ಒಂದು ಬಗೆಯೂ ಇದೆ. ಕೊರಿಯಾ-ಚೀನಾ ಗಡಿಯ ಪೆಕ್ತು ಪರ್ವತಗಳು ಗಾಳಿಯನ್ನು ಎರಡಾಗಿ ಸೀಳುತ್ತವೆ. ಸೀಳಿದ ಗಾಳಿ ಸಮುದ್ರದ ಮೇಲೆ ಮತ್ತೆ ಕೂಡಿದ ಕಡೆ ದಟ್ಟ ಮೋಡದ ಪಟ್ಟಿಯೊಂದು ಹುಟ್ಟುತ್ತದೆ. ಆ ಪಟ್ಟಿ ದಡದ ಯಾವ ಭಾಗಕ್ಕೆ ತಗುಲಿತೋ ಅಲ್ಲಿ ಗಂಟೆಗಟ್ಟಲೆ ಹಿಮ ಬಿಡುವುದಿಲ್ಲ. 2020ರ ಡಿಸೆಂಬರಿನಲ್ಲಿ ಸುರಿದ ಭಾರಿ ಹಿಮಕ್ಕೆ ಸಿಕ್ಕಿ ಕಾನ್-ಎತ್ಸು ಹೆದ್ದಾರಿಯಲ್ಲಿ ಸಾವಿರಕ್ಕೂ ಹೆಚ್ಚು ವಾಹನಗಳು ರಾತ್ರಿಯೆಲ್ಲ ನಿಂತುಬಿಟ್ಟಿದ್ದವು.

ಈ ಉಪದ್ರವವನ್ನೇ ಬಂಡವಾಳ ಮಾಡಿಕೊಂಡ ಕಸುಬೊಂದು ನೀಗಾತ ಪ್ರಾಂತದ ಓಜಿಯಾ, ಶಿಯೊಜಾವಾ ಸೀಮೆಯಲ್ಲಿದೆ. ಓಜಿಯಾ-ಚಿಜಿಮಿ ಮತ್ತು ಎಚಿಗೊ-ಜೋಫು ಅಲ್ಲಿ ನೇಯುವ ಬಟ್ಟೆಗಳು. ತಮಾಷೆಯೆಂದರೆ ಇವು ಬೇಸಿಗೆಯ ಉಡುಪಿನ ಬಟ್ಟೆಗಳು, ಸೊಳ್ಳೆಪರದೆಯಷ್ಟು ಹಗುರ. ನೂಲು ರಾಮಿ ಗಿಡದ ನಾರಿನದು. ನಾರನ್ನು ಉಗುರಿನಿಂದ ಕೂದಲೆಳೆಯಷ್ಟು ಸಣ್ಣಗೆ ಸೀಳಿ, ತುದಿಗೆ ತುದಿ ಹೊಸೆದು ಉದ್ದ ಮಾಡುತ್ತಾರೆ. ಒಂದು ಥಾನಿಗೆ ಬೇಕಾದ ನೂಲು ಕೂಡುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಥಾನೆಂದರೆ ನಮ್ಮ ಎರಡು ಸೀರೆಗಳಷ್ಟು ಉದ್ದ, ಮೊಳಕ್ಕೂ ಕಡಿಮೆ ಅಗಲ. ಒಣ ಹವೆಯಲ್ಲಿ ಈ ನೂಲು ಪಟಪಟನೆ ತುಂಡಾಗುತ್ತದೆ. ಹಿಮದಿಂದಾಗಿ ಚಳಿಗಾಲವಿಡೀ ತೇವವಾಗಿರುವ ಗಾಳಿಯೇ ಅದಕ್ಕೆ ರಕ್ಷೆ. ಮಗ್ಗದಲ್ಲಿ ಹಾಸಿನ ಬಿಗಿ ನೇಯುವವಳ ಸೊಂಟದಲ್ಲಿರುತ್ತದೆ: ಸೊಂಟಕ್ಕೆ ಕಟ್ಟಿದ ಪಟ್ಟಿಯಿಂದ ಮೈಯನ್ನು ಹಿಂದಕ್ಕೆ ವಾಲಿಸಿದರೆ ನೂಲು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲುತ್ತದೆ.

ನೇಯ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ನಾದಿ, ಇಲ್ಲವೇ ಕಾಲಿನಿಂದ ತುಳಿದು ಹದಗೊಳಿಸುತ್ತಾರೆ. ಚಿಜಿಮಿಗೆ ಸಣ್ಣ ಸುಕ್ಕು ಮೂಡುವುದು ಈ ನಾದುವಿಕೆಯಲ್ಲೇ. ಕೊನೆಯದು ಹಿಮದ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಬಿಸಿಲು ಬಿದ್ದ ದಿನ ಗದ್ದೆಯ ಹಿಮದ ಮೇಲೆ ಬಟ್ಟೆಯನ್ನು ಉದ್ದುದ್ದಕ್ಕೆ ಹಾಸುತ್ತಾರೆ. ಹಿಮದ ಮೇಲ್ಮೈಯಿಂದ ಏಳುವ ಆವಿಗೆ ಸೂರ್ಯನ ಅತಿನೇರಳೆ ಕಿರಣ ಸೇರಿ ಹುಟ್ಟುವ ಓಜೋನ್ ಬಟ್ಟೆಯನ್ನು ಬಿಳುಪಾಗಿಸುತ್ತದೆ ಎಂಬುದು ಅಲ್ಲಿಯವರು ಕೊಡುವ ವಿವರಣೆ. ಬಣ್ಣದ ಗೆರೆ ಮಾಸುವುದಿಲ್ಲ, ಬಿಳಿ ಮಾತ್ರ ಇನ್ನಷ್ಟು ಬಿಳಿಯಾಗುತ್ತದೆ.

ಶಿಯೊಜಾವಾದ ಚಿಜಿಮಿ ವ್ಯಾಪಾರಿ ಸುಜುಕಿ ಬೊಕುಶಿ ಈ ಹಿಮನಾಡಿನ ಬದುಕನ್ನೆಲ್ಲ ಬರೆದಿಟ್ಟ. ಅಚ್ಚು ಹಾಕಿಸಲು ದಶಕಗಳ ಕಾಲ ಒದ್ದಾಡಿದ. ಅವನ ‘ಹೊಕುಎತ್ಸು ಸೆಪ್ಪು’ 1837ರಲ್ಲಿ ಹೊರಬರತೊಡಗಿತು. ಕವಾಬಾತಾ ತನ್ನ ‘ಹಿಮನಾಡು’ ಕಾದಂಬರಿಯಲ್ಲಿ ಚಿಜಿಮಿಯ ಪ್ರಸ್ತಾಪ ತಂದದ್ದೂ ಬೊಕುಶಿಯನ್ನು ಓದಿಯೇ. 1955ರಲ್ಲಿ ಜಪಾನ್ ಸರಕಾರ ಈ ಕಸುಬನ್ನು ಮಹತ್ವದ ಅಮೂರ್ತ ಸಾಂಸ್ಕೃತಿಕ ಸಂಪತ್ತಾಗಿ ಗುರುತಿಸಿತು, 2009ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಮನ್ನಣೆ ದೊಡ್ಡದು, ಆದರೆ ಉಗುರಿನಿಂದ ನಾರು ಸೀಳಬಲ್ಲ ಕೈಗಳು ಮುಪ್ಪಾಗುತ್ತಿವೆ. ಜಪಾನ್ ಸಮುದ್ರವೂ ಜಗತ್ತಿನ ಸರಾಸರಿಗಿಂತ ಬೇಗ ಬಿಸಿಯೇರುತ್ತಿದೆ. ಬಿಸಿ ನೀರು ಹೆಚ್ಚು ತೇವ ಕೊಡುತ್ತದೆ ನಿಜ, ಆದರೆ ಗಾಳಿಯೂ ಬೆಚ್ಚಗಾದರೆ ದಡದಲ್ಲಿ ಬೀಳುವುದು ಹಿಮವಲ್ಲ, ಮಳೆ.

ನೋಡುವ ಆಸೆಯಿದ್ದವರು ಎಚಿಗೊ-ಯುಜಾವಾದಲ್ಲಿ ಇಳಿದು ಜೊಯೆತ್ಸು ಮಾರ್ಗದ ಸ್ಥಳೀಯ ರೈಲಿನಲ್ಲಿ ಶಿಯೊಜಾವಾಕ್ಕೆ ಹೋಗಬಹುದು. ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಮೋಡ ಕವಿದ ದಿನ ಅವರು ಬಟ್ಟೆ ಹಾಸುವುದಿಲ್ಲ.