ಜಾಝ್ ತಂಡದ ನೇಪಥ್ಯಕ್ಕೆ ಕ್ಯಾಮೆರಾ ಹಿಡಿದ ಬಾಸ್ ವಾದಕ

ಸಂಗೀತ ಪ್ರದರ್ಶನದ ಛಾಯಾಚಿತ್ರವೆಂದರೆ ಸಾಮಾನ್ಯವಾಗಿ ಕಣ್ಮುಂದೆ ಬರುವುದು ಬೆಳಕಿನಲ್ಲಿ ನಿಂತ ಗಾಯಕ, ಮಿರುಗುವ ವಾದ್ಯಗಳು. ಆದರೆ ಊರೂರು ಸುತ್ತುವ ತಂಡದ ದಿನಚರಿಯಲ್ಲಿ ವೇದಿಕೆಯ ಪಾಲು ಕೆಲವೇ ತಾಸು. ಉಳಿದದ್ದೆಲ್ಲ ಪ್ರಯಾಣ, ಕಾಯುವಿಕೆ, ಊಟ ಮತ್ತು ನಿದ್ರೆ. ಅಮೆರಿಕದ ಜಾಝ್ ಲೋಕದ ಈ ಮರೆಯ ಬದುಕನ್ನು ದಾಖಲಿಸಿದವರಲ್ಲಿ ಪ್ರಮುಖರು ಮಿಲ್ಟ್ ಹಿಂಟನ್ (1910–2000). ಅವರ ವೃತ್ತಿ ಛಾಯಾಗ್ರಹಣವಲ್ಲ, ಬಾಸ್ ವಾದನ.

ತಂಡದೊಳಗಿನ ಕಣ್ಣು

ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ ಜನಿಸಿದ ಹಿಂಟನ್ ಅವರಿಗೆ 1935ರಲ್ಲಿ ಕ್ಯಾಮೆರಾವೊಂದು ಹುಟ್ಟುಹಬ್ಬದ ಉಡುಗೊರೆಯಾಗಿ ದೊರೆಯಿತು. ಮರುವರ್ಷ ಅವರು ಜನಪ್ರಿಯ ಗಾಯಕ ಕ್ಯಾಬ್ ಕ್ಯಾಲೊವೇ ಅವರ ವಾದ್ಯವೃಂದವನ್ನು ಸೇರಿ, 1951ರವರೆಗೆ ಅದರೊಂದಿಗೆ ದೇಶ ಸುತ್ತಿದರು.

ನೇಪಥ್ಯದಲ್ಲಿ ಬೆಳಕು ಮಂದ. ಅಂದಿನ ಫಿಲ್ಮ್‌ಗಳು ಬೆಳಕನ್ನು ಗ್ರಹಿಸುವ ಶಕ್ತಿಯೂ ಕಡಿಮೆ. ಆದ್ದರಿಂದ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಕೈ ಅಲುಗಿದರೆ ಅಥವಾ ಎದುರಿನವರು ಚಲಿಸಿದರೆ ಚಿತ್ರ ಮಸುಕಾಗುತ್ತದೆ. ಫ್ಲಾಶ್ ಬೆಳಗಿಸಿದರೆ ಎಲ್ಲರೂ ಎಚ್ಚೆತ್ತು, ಸಹಜತೆ ಮಾಯವಾಗುತ್ತದೆ. ಹೊರಗಿನ ಛಾಯಾಗ್ರಾಹಕ ಬಂದೊಡನೆ ಕಲಾವಿದರು ಭಂಗಿಗೆ ಸಿದ್ಧರಾಗುವುದೂ ಉಂಟು. ಹಿಂಟನ್ ಅವರಿಗೆ ಈ ಕಡೆಯ ತೊಡಕು ಇರಲಿಲ್ಲ. ರೈಲಿನಲ್ಲಿ ನಿದ್ರಿಸುತ್ತಿದ್ದ ವಾದಕರಿಗೆ ಅವರು ಅತಿಥಿಯಲ್ಲ, ಸಹಪ್ರಯಾಣಿಕ. ಮುಂದೆ ವಿಶ್ವವಿಖ್ಯಾತರಾದ ಡಿಜ್ಜಿ ಗಿಲೆಸ್ಪಿ ಅವರ ತಾರುಣ್ಯವೂ ಹೀಗೆಯೇ ಅವರ ಕ್ಯಾಮೆರಾದಲ್ಲಿ ಸೆರೆಯಾಯಿತು.

ಫಲಕದ ಬಳಿ ನಿಂತವರು

ಈ ಚಿತ್ರಗಳ ಮಹತ್ವ ಸ್ನೇಹದ ನೆನಪಿಗಷ್ಟೇ ಸೀಮಿತವಲ್ಲ. ಅಂದು ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದ ಕಾನೂನುಬದ್ಧವಾಗಿತ್ತು. ಕ್ಯಾಲೊವೇ ತಂಡದ ಸಂಗೀತಕ್ಕೆ ಕರತಾಡನ ಮಾಡುತ್ತಿದ್ದ ಊರುಗಳಲ್ಲೇ ಬಿಳಿಯರ ಹೋಟೆಲುಗಳು ತಂಡದ ಕಪ್ಪುವರ್ಣೀಯ ಸದಸ್ಯರಿಗೆ ಕೊಠಡಿ ಕೊಡುತ್ತಿರಲಿಲ್ಲ. ತಂಡ ಪ್ರತ್ಯೇಕ ರೈಲುಬೋಗಿಯಲ್ಲಿ ಸಂಚರಿಸುತ್ತಿದ್ದುದಕ್ಕೆ ಇದೂ ಕಾರಣ. 1940ರ ಸುಮಾರಿಗೆ ಅಟ್ಲಾಂಟಾ ರೈಲು ನಿಲ್ದಾಣದಲ್ಲಿ ಹಿಂಟನ್ ತೆಗೆದ ಚಿತ್ರದಲ್ಲಿ, ಕಪ್ಪುವರ್ಣೀಯರ ಪ್ರವೇಶದ್ವಾರವೆಂದು ಸಾರುವ ಫಲಕದ ಬಳಿ ಸಹವಾದಕರು ನಿಂತಿದ್ದಾರೆ. ಅಚ್ಚುಕಟ್ಟಾದ ಉಡುಪಿನ ಆ ಕಲಾವಿದರನ್ನೂ ಆ ಫಲಕವನ್ನೂ ಒಟ್ಟಿಗೆ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿನ ಇಂತಹ ಭೇದವನ್ನು ಇಡೀ ದೇಶದಲ್ಲಿ ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು 1964ರಲ್ಲಿ.

ಉಳಿದ ದಾಖಲೆ

1958ರಲ್ಲಿ ಆರ್ಟ್ ಕೇನ್ ‘ಎಸ್ಕ್ವೈರ್’ ಪತ್ರಿಕೆಗಾಗಿ ಹಾರ್ಲೆಮ್‌ನಲ್ಲಿ ಜಾಝ್ ಕಲಾವಿದರ ಸುಪ್ರಸಿದ್ಧ ಗುಂಪುಚಿತ್ರ ತೆಗೆದಾಗ ಹಿಂಟನ್ ಗುಂಪಿನಲ್ಲೂ ನಿಂತರು, ಸುತ್ತಲಿನ ಹರಟೆಯ ಕ್ಷಣಗಳನ್ನೂ ಸೆರೆಹಿಡಿದರು. ಪತ್ನಿ ಮೋನಾ ಪುಟ್ಟ ಮೂವಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಜೀನ್ ಬಾಕ್ ಅವರ 1994ರ ಸಾಕ್ಷ್ಯಚಿತ್ರಕ್ಕೆ ಆ ದೃಶ್ಯಗಳು ಆಧಾರವಾದವು.

ಹಿಂಟನ್ ಬಿಟ್ಟುಹೋದ ಚಿತ್ರಗಳ ಸಂಖ್ಯೆ ಸುಮಾರು 60,000. ಆ ಕಾಲದ ಸಂಗೀತ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಅದನ್ನು ನುಡಿಸಿದವರು ಕಾರ್ಯಕ್ರಮದ ಆಚೆಗೆ ಹೇಗೆ ಬದುಕಿದರು, ಯಾವ ಬಾಗಿಲಿನಿಂದ ಒಳಹೋಗಬೇಕಾಯಿತು ಎಂಬುದನ್ನು ಈ ಚಿತ್ರಗಳು ತಿಳಿಸುತ್ತವೆ.