ಎಷ್ಟು ಅಗಲದ ಯಂತ್ರ ಬೇಕು?



ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಕಡೆ ರಸ್ತೆ ತುಂಬ ಟ್ರ್ಯಾಕ್ಟರುಗಳು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿ ನೋಡಿದರೂ ಕಬ್ಬು ಹೇರಿದ ಟ್ರೇಲರ್. ಸಮೀರವಾಡಿ ಕಾರಖಾನೆಯ ದಾರಿಯಲ್ಲಿ ಅವು ಸಾಲು ಹಿಡಿದು ಹೋಗುತ್ತವೆ. ಟ್ರ್ಯಾಕ್ಟರಿನ ಮೇಲೆ ದೇವರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು. ಟ್ರೇಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ. ಇವಕ್ಕೆಲ್ಲ ನಾವು ‘ರೇಡಿಯಂ’ ಅನ್ನುತ್ತೇವೆ.

ಈ ಅಕ್ಷರಗಳನ್ನು ಕೈಯಿಂದ ಕತ್ತರಿಸುವುದಿಲ್ಲ. ಅದಕ್ಕೊಂದು ಯಂತ್ರ ಇದೆ. ಅದರ ಹೆಸರು ಪ್ಲಾಟರ್. ಕಟಿಂಗ್ ಮಶಿನ್ ಎಂದೂ ಕರೆಯುತ್ತಾರೆ. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಅದು ಅಂಟು ಹಾಳೆಯ ಮೇಲೆ ಸಣ್ಣ ಬ್ಲೇಡಿನಿಂದ ಕತ್ತರಿಸುತ್ತದೆ. ಮನೆಯಲ್ಲಿಯೇ ಇಟ್ಟುಕೊಂಡು ದುಡಿಯಬಹುದು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಈ ಕೆಲಸ ಮಾಡುತ್ತಾರೆ. ಅವರ ಮನೆಯಲ್ಲಿ ಒಂದು ಸಣ್ಣ ಯಂತ್ರ ಇತ್ತು. ಅದರ ಅಗಲ 1 ಅಡಿ. ಮಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಾನೆ. ಅಕ್ಕ ಕತ್ತರಿಸಿ, ಬಿಡಿಸಿ, ಅಂಟಿಸಿ ಕೊಡುತ್ತಾರೆ. ಒಂದು ಸಂಜೆ ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದರು.

“ಅಕ್ಕಾರ, ದೊಡ್ಡ ಮಶಿನ್ ತಗೋಬೇಕಂತ ಮಾಡೀನ್ರಿ. ನಾಕು ಫೂಟಿಂದು. ಬೋರಮಾಳ ಒತ್ತಿ ಇಡ್ತೀನಿ.”

“ನಾಕು ಫೂಟಿಂದು ಯಾಕ ಬೇಕ್ರಿ?” ಎಂದೆ.

“ಸಣ್ಣದರಾಗ ದೊಡ್ಡ ಅಕ್ಷರ ಬರೂದಿಲ್ರಿ. ಎರಡು ತುಂಡು ಮಾಡಿ ಹಚ್ಚಬೇಕು. ಬಿಸಲಿಗೆ ಜೋಡ್ ಏಳತೈತಿ. ಗಿರಾಕಿ ಬೈತಾರ. ಮಶಿನ್ ಮಾರಾವರು ತಗೊಂಡ್ರ ದೊಡ್ಡದs ತಗೋರಿ ಅಂದಾರ್ರಿ.”

ಬೋರಮಾಳ ಅವರ ತವರು ಮನೆಯವರು ಕೊಟ್ಟದ್ದು. ಮನೆಯಲ್ಲಿದ್ದ ಬಂಗಾರ ಅದೊಂದೇ. ಹಾಗಾಗಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ.

ರೇಡಿಯಂ ಅಂದರೇನು?

ರೇಡಿಯಂ ಎಂಬುದು ನಿಜವಾಗಿ ಒಂದು ಲೋಹ. ಮೇರಿ ಕ್ಯೂರಿ ಎಂಬ ಮಹಿಳೆ ತನ್ನ ಗಂಡನ ಜೊತೆ 1898ರಲ್ಲಿ ಅದನ್ನು ಕಂಡುಹಿಡಿದಳು. ಹಿಂದೆ ಕತ್ತಲಲ್ಲಿ ಹೊಳೆಯಲಿ ಎಂದು ಗಡಿಯಾರದ ಮುಳ್ಳಿಗೆ ಅದನ್ನು ಹಚ್ಚುತ್ತಿದ್ದರು. ಅದು ಅಪಾಯದ ವಸ್ತು. ನಮ್ಮ ಸ್ಟಿಕ್ಕರಿನಲ್ಲಿ ಅದು ಇಲ್ಲ. ಹೆಸರು ಮಾತ್ರ ಉಳಿದಿದೆ.

ನಮ್ಮ ಹಾಳೆಯಲ್ಲಿ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು. ಹಿಂದಿನಿಂದ ಬರುವ ಗಾಡಿಯ ಬೆಳಕು ಅದಕ್ಕೆ ಬಿದ್ದರೆ, ಅದು ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ಬೈಕಿನವನಿಗೆ ಮುಂದೆ ಟ್ರೇಲರ್ ನಿಂತಿರುವುದು ದೂರದಿಂದಲೇ ಗೊತ್ತಾಗುತ್ತದೆ. ಈ ಪಟ್ಟಿ ಇಲ್ಲದ ಟ್ರೇಲರಿಗೆ ರಾತ್ರಿ ಬೈಕು ಬಡಿದು ಜೀವ ಹೋದದ್ದನ್ನು ನಾವು ಕೇಳಿದ್ದೇವೆ. ಆದ್ದರಿಂದ ಇದು ಬರೀ ಚೆಂದದ ಕೆಲಸ ಅಲ್ಲ. ಗಾಡಿಯ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಪಟ್ಟಿ ಇರಬೇಕು. ಈ ಪಟ್ಟಿಗೆ ಮಾನ್ಯತೆಯ ಗುರುತು ಇರುವ ಟೇಪನ್ನೇ ಹಚ್ಚಬೇಕು. ಅಗ್ಗದ ಹಾಳೆ ಹಗಲಲ್ಲಿ ಕೆಂಪಗೆ ಕಂಡರೂ ರಾತ್ರಿ ಹೊಳೆಯುವುದಿಲ್ಲ.

ಅಗಲ ಬೇರೆ, ಉದ್ದ ಬೇರೆ

ಪ್ಲಾಟರ್ ಹೇಗೆ ಕೆಲಸ ಮಾಡುತ್ತದೆ? ಅದರಲ್ಲಿ ಹಾಳೆ ಹಿಂದೆ ಮುಂದೆ ಸರಿಯುತ್ತದೆ. ಬ್ಲೇಡು ಎಡಕ್ಕೆ ಬಲಕ್ಕೆ ಓಡಾಡುತ್ತದೆ. ಎರಡೂ ಕೂಡಿದಾಗ ಅಕ್ಷರ ಮೂಡುತ್ತದೆ.

ಇದು ಅರ್ಥವಾಗಬೇಕಾದರೆ ಮಗ್ಗವನ್ನು ನೆನೆಸಿಕೊಳ್ಳಿ. ಸೀರೆಯ ಪನ್ನಾ ಮಗ್ಗದ ಅಗಲವನ್ನು ಮೀರುವುದಿಲ್ಲ. ಆದರೆ ಉದ್ದಕ್ಕೆ ಅಡ್ಡಿ ಇಲ್ಲ. ಹಾಸು ಇದ್ದಷ್ಟು ನೇಯಬಹುದು. ಪ್ಲಾಟರ್ ಕೂಡ ಹಾಗೆಯೇ. ಅಗಲಕ್ಕೆ ಮಿತಿ ಇದೆ. ಉದ್ದಕ್ಕೆ ಹಾಳೆಯ ಸುರುಳಿ ಇದೆ.

ಅಂದರೆ 6 ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಹೆಸರು ಬರೆಯಲು 6 ಅಡಿಯ ಯಂತ್ರ ಬೇಡ. 2 ಅಡಿಯದು ಸಾಕು. ಹೆಸರಿನ ಉದ್ದ ಸುರುಳಿಯ ಉದ್ದಕ್ಕೆ ಹೋಗುತ್ತದೆ. ಅಕ್ಷರದ ಎತ್ತರ ಮಾತ್ರ ಯಂತ್ರದ ಅಗಲದಲ್ಲಿ ಕೂಡಬೇಕು.

ಇಲ್ಲಿ ನಮ್ಮ ಕನ್ನಡದ್ದೊಂದು ಮಾತಿದೆ. ‘ಲಕ್ಷ್ಮೀ’ ಎಂದು ಬರೆಯಿರಿ. ಮೇಲೆ ಗುಡಿಸು, ಕೆಳಗೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ಬಸವ’ ಎಂಬ ಹೆಸರಿಗಿಂತ ಇದಕ್ಕೆ ಎತ್ತರ ಹೆಚ್ಚು ಬೇಕು. ಆದ್ದರಿಂದ ಅಳತೆ ತೆಗೆಯುವಾಗ ಮೇಲಿನ ಗುಡಿಸಿನಿಂದ ಕೆಳಗಿನ ಒತ್ತಿನ ತನಕ ಟೇಪು ಹಿಡಿಯಬೇಕು.

ವಹಿ ಏನು ಹೇಳಿತು?

ಅಕ್ಕ ಓದು ಬರಹ ಕಲಿತ ಮೇಲೆ ಒಂದು ವಹಿ ಇಟ್ಟಿದ್ದರು. ಯಾರು ಬಂದರು, ಏನು ಮಾಡಿಸಿದರು, ಎಷ್ಟು ಕೊಟ್ಟರು ಎಂದು ಬರೆಯುತ್ತಿದ್ದರು. ಅದಕ್ಕೆ ಇನ್ನೊಂದು ಸಾಲು ಕೂಡಿಸಲು ಹೇಳಿದೆ: ಅಕ್ಷರದ ಎತ್ತರ ಎಷ್ಟು? ಗಿರಾಕಿ ಕೇಳಿದ ಎತ್ತರವನ್ನೇ ಬರೆಯಬೇಕು. ಹಂಗಾಮಿನ ಒಂದು ತಿಂಗಳು ಬರೆದರು. ಲೆಕ್ಕ ಹೀಗೆ ಬಂತು:

1 ಅಡಿಯ ಒಳಗಿನ ಕೆಲಸ: 44
1 ಅಡಿಗಿಂತ ಹೆಚ್ಚು, 2 ಅಡಿಯ ಒಳಗೆ: 16
2 ಅಡಿಗಿಂತ ಹೆಚ್ಚು: 2
ಒಟ್ಟು: 62

ಅಕ್ಕ ವಹಿಯನ್ನೇ ನೋಡುತ್ತ ಕೂತರು. ಎರಡು ಅಡಿಯ ಯಂತ್ರ ಇದ್ದರೆ 62ರಲ್ಲಿ 60 ಕೆಲಸ ಜೋಡಿಲ್ಲದೆ ಆಗುತ್ತವೆ. ಉಳಿದ ಎರಡು ಕೆಲಸಕ್ಕಾಗಿ ನಾಲ್ಕು ಅಡಿಯದು ಬೇಕೇ?

ಅವರ ಅತ್ತೆ ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದರು. ಅಲ್ಲಿಂದಲೇ ಹೇಳಿದರು: “ಮಗ್ಗ ಎಷ್ಟು ಪನ್ನಾ ಐತಿ ಅಂತ ಕೇಳಬ್ಯಾಡವಾ. ಮನ್ಯಾಗ ನೂಲು ಎಷ್ಟೈತಿ ನೋಡು.”

ಸಾಲದ ಲೆಕ್ಕ

ಒಂದು ಕೆಲಸಕ್ಕೆ ಸರಾಸರಿ 200 ರೂಪಾಯಿ ಬರುತ್ತದೆ ಎಂದು ಇಟ್ಟುಕೊಳ್ಳಿ. ಹಾಳೆ, ಮೇಲೆ ಅಂಟಿಸಿ ಎತ್ತುವ ಮಾಸ್ಕಿಂಗ್ ಹಾಳೆ, ಬ್ಲೇಡು, ಕರೆಂಟು ಎಲ್ಲ ಸೇರಿ 110 ಖರ್ಚು. ಉಳಿಯುವುದು 90 ರೂಪಾಯಿ.

ಸಣ್ಣ ಸಾಲದ ಕಂತು ತಿಂಗಳಿಗೆ 1,800 ಎನ್ನಿ. ದೊಡ್ಡ ಸಾಲದ ಕಂತು 4,500 ಎನ್ನಿ.

ಹಂಗಾಮಿನಲ್ಲಿ ತಿಂಗಳಿಗೆ 62 ಕೆಲಸ. 62 ಸಲ 90 ಅಂದರೆ 5,580 ರೂಪಾಯಿ. ಸಣ್ಣ ಕಂತು ಕಟ್ಟಿದರೆ ಕೈಯಲ್ಲಿ 3,780 ಉಳಿಯುತ್ತದೆ. ದೊಡ್ಡ ಕಂತು ಕಟ್ಟಿದರೆ 1,080 ಮಾತ್ರ.

ಹಂಗಾಮು ವರ್ಷವಿಡೀ ಇರುತ್ತದೆಯೇ? ಇಲ್ಲ. ಅಕ್ಟೋಬರ್-ನವೆಂಬರಿಗೆ ಶುರುವಾಗಿ ಮಾರ್ಚಿನ ಸುಮಾರಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೆ 20 ಕೆಲಸ ಬಂದರೆ 1,800 ಉಳಿಯುತ್ತದೆ. ಸಣ್ಣ ಕಂತಿಗೆ ಸರಿಹೋಯಿತು. ದೊಡ್ಡ ಕಂತಿಗೆ 2,700 ಕಡಿಮೆ ಬಿತ್ತು. ಆ 2,700 ಎಲ್ಲಿಂದ ತರುವುದು? ಮನೆಯ ಜೋಳದ ದುಡ್ಡಿನಿಂದ. ಅದಕ್ಕೇ ಕಂತಿನ ಲೆಕ್ಕವನ್ನು ಒಳ್ಳೆಯ ತಿಂಗಳು ಹಿಡಿದು ಮಾಡಬಾರದು. ಕೆಟ್ಟ ತಿಂಗಳು ಹಿಡಿದು ಮಾಡಬೇಕು.

ಇನ್ನೊಂದು ಮಾತು. ನಂಬರ್ ಪ್ಲೇಟಿನ ಕೆಲಸವನ್ನು ಆದಾಯಕ್ಕೆ ಹಿಡಿಯಬೇಡಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟು ಜೊತೆಗೇ ಬರುತ್ತದೆ. ಹಳೆಯ ಗಾಡಿಗೂ ಅದೇ ಬೇಕೆಂದು ಕರ್ನಾಟಕ ಸರಕಾರ 2023ರಲ್ಲಿ ಆದೇಶ ಮಾಡಿತು. ಸ್ಟಿಕ್ಕರಿನ ನಂಬರ್ ಪ್ಲೇಟಿನ ಕಾಲ ಮುಗಿಯಿತು.

ಬಂಗಾರ ಒತ್ತಿ ಇಡುವ ಮೊದಲು ಬ್ಯಾಂಕಿಗೆ ಹೋಗಿ ಕೇಳಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಸಾಲ ಇದೆ. 50 ಸಾವಿರ ರೂಪಾಯಿಯವರೆಗೆ ಸಿಗುತ್ತದೆ. ಅದಕ್ಕೆ ಆಸ್ತಿ, ಬಂಗಾರ ಅಡವಿಡಬೇಕಿಲ್ಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯನ್ನೂ ವಿಚಾರಿಸಿ. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿಯೂ ಕೇಳಿ. ಯಂತ್ರ ಕೊಳ್ಳುವ ಮೊದಲೇ ಅರ್ಜಿ ಹಾಕಿ. ಕೊಂಡ ಮೇಲೆ ಕೇಳಿದರೆ ತಡವಾಗುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು?

ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಹೊಳೆಯುವ ಹಾಳೆಯ ಒಂದು ತುಂಡು, ನಿಮ್ಮ ಕನ್ನಡ ಅಕ್ಷರ ಇರುವ ಪೆನ್‌ಡ್ರೈವ್, ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ.

ಮೊದಲು ಅಗಲ ನೋಡಿ. ಯಂತ್ರ ಹಿಡಿಯುವ ಹಾಳೆಯ ಅಗಲ ಬೇರೆ, ಕತ್ತರಿಸುವ ಅಗಲ ಬೇರೆ. 720 ಮಿಲಿಮೀಟರ್ ಎಂದು ಹೇಳುವ ಯಂತ್ರ ಸಾಮಾನ್ಯವಾಗಿ 630 ಮಿಲಿಮೀಟರ್ ಮಾತ್ರ ಕತ್ತರಿಸುತ್ತದೆ. ಅಂದರೆ 2 ಅಡಿಗಿಂತ ಸ್ವಲ್ಪ ಹೆಚ್ಚು. “ಕತ್ತರಿಸೂದು ಎಷ್ಟು?” ಎಂದೇ ಕೇಳಿ.

ಎರಡನೆಯದು ಒತ್ತುವ ಶಕ್ತಿ. ಹೊಳೆಯುವ ಹಾಳೆ ಸಾದಾ ಹಾಳೆಗಿಂತ ದಪ್ಪ. ಬ್ಲೇಡು ಜೋರಾಗಿ ಒತ್ತಬೇಕು. ಈ ಶಕ್ತಿಯನ್ನು ಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ. ಸಾದಾ ಹಾಳೆಗೆ 45 ಡಿಗ್ರಿ ಬ್ಲೇಡು ನಡೆಯುತ್ತದೆ. ದಪ್ಪ ಹಾಳೆಗೆ 60 ಡಿಗ್ರಿ ಬ್ಲೇಡು ಬೇಕು. ಎರಡೂ ಹೊಂದುತ್ತವೆಯೇ ಕೇಳಿ.

ಮೂರನೆಯದು ಪರೀಕ್ಷೆ. ನಿಮ್ಮ ಹಾಳೆಯ ಮೇಲೆ ಒಂದು ಗುಂಡು ಕತ್ತರಿಸಲು ಹೇಳಿ. ಶುರುವಾದಲ್ಲಿಯೇ ಗೀರು ಬಂದು ಸೇರಬೇಕು. ಮೇಲಿನ ಹಾಳೆ ಕತ್ತರಿಸಬೇಕು. ಕೆಳಗಿನ ಕಾಗದ ಉಳಿಯಬೇಕು. ಆಮೇಲೆ 6 ಅಡಿ ಉದ್ದದ ಹೆಸರು ಕತ್ತರಿಸಲು ಹೇಳಿ. ಹಾಳೆ ಸೊಟ್ಟಗೆ ಸರಿದರೆ ಆ ಯಂತ್ರ ಬೇಡ.

ನಾಲ್ಕನೆಯದು ಮೋಟಾರು. ಸ್ಟೆಪ್ಪರ್ ಮೋಟಾರಿನ ಯಂತ್ರಕ್ಕೆ ಬೆಲೆ ಕಡಿಮೆ, ಸಪ್ಪಳ ಹೆಚ್ಚು. ಸರ್ವೋ ಮೋಟಾರಿನದು ಬೇಗ, ಮೆತ್ತಗೆ ಓಡುತ್ತದೆ. ಬೆಲೆ ಹೆಚ್ಚು. ಮಕ್ಕಳು ಅದೇ ಕೋಣೆಯಲ್ಲಿ ಮಲಗುವುದಾದರೆ ಸಪ್ಪಳವನ್ನೂ ಯೋಚಿಸಿ.

ಐದನೆಯದು ರಿಪೇರಿ. ಕೆಟ್ಟರೆ ಯಾರು ಬರುತ್ತಾರೆ? ನಮ್ಮೂರಿಗೆ ಬರುತ್ತಾರೋ, ನಾವೇ ಹುಬ್ಬಳ್ಳಿಗೆ ಹೊತ್ತು ಒಯ್ಯಬೇಕೋ? ಬ್ಲೇಡು, ಬೆಲ್ಟು ಎಲ್ಲಿ ಸಿಗುತ್ತವೆ? ಪಕ್ಕಾ ಬಿಲ್ಲು, ವಾರಂಟಿ ಕಾಗದ ಕೇಳಿ ಪಡೆಯಿರಿ. ಸಹಿ ಮಾಡುವ ಮೊದಲು ಪೂರ್ತಿ ಓದಿ. ನಿಮಗೀಗ ಓದಲು ಬರುತ್ತದೆ.

ಮನೆಯಲ್ಲಿ ಜಾಗ

ನಾಲ್ಕು ಅಡಿಯ ಯಂತ್ರ ನಿಂತರೆ ಬಾಗಿಲು ಪೂರ್ತಿ ತೆಗೆಯಲು ಬರುತ್ತದೆಯೇ? ನೆಲದ ಮೇಲೆ ಬಳಪದಿಂದ ಅದರ ಅಳತೆ ಬರೆದು ನೋಡಿ. ಯಂತ್ರದ ಹಿಂದೆ ಮುಂದೆ ಹಾಳೆ ಓಡಾಡಲು ಜಾಗ ಬಿಡಿ.

ಮಗ್ಗದ ಕೋಣೆಯಲ್ಲಿ ಇದನ್ನು ಇಡಬೇಡಿ. ಹತ್ತಿಯ ಧೂಳು ಅಂಟಿಗೆ ಹತ್ತುತ್ತದೆ. ಉರುಳೆಗೆ ಸುತ್ತಿಕೊಳ್ಳುತ್ತದೆ. ಈ ಯಂತ್ರ ಮಿಕ್ಸರಿಗಿಂತ ಕಡಿಮೆ ಕರೆಂಟು ತಿನ್ನುತ್ತದೆ. ಆದರೆ ನಡುವೆ ಕರೆಂಟು ಹೋದರೆ ಆ ಹಾಳೆ ಹಾಳಾದಂತೆಯೇ. ಒಂದು ಯುಪಿಎಸ್ ಇರಲಿ. ಅದರ ಬೆಲೆಯನ್ನೂ ಸಾಲದ ಲೆಕ್ಕದಲ್ಲಿ ಸೇರಿಸಿ.

ಮುಂದೇನಾಯಿತು?

ಅಕ್ಕ 2 ಅಡಿಯ ಯಂತ್ರ ಕೊಂಡರು. ಬೋರಮಾಳ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಮೊದಲ ವಾರ ಕಷ್ಟವೇ ಆಯಿತು. ‘ಶ್ರೀ’ ಅಕ್ಷರ ಬಿಡಿಸುವಾಗ ಹರಿದು ಬರುತ್ತಿತ್ತು. ತಪ್ಪು ಯಂತ್ರದ್ದಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ತುಂಡು ತುಂಡಾಗಿ ಕೂಡಿರುತ್ತದೆ. ಗುಡಿಸು ಒಂದು ತುಂಡು, ಒತ್ತು ಇನ್ನೊಂದು ತುಂಡು. ಒಂದರ ಮೇಲೊಂದು ಬಿದ್ದ ಕಡೆಯೂ ಬ್ಲೇಡು ಗೀರು ಹಾಕುತ್ತದೆ. ಕೋರಲ್‌ಡ್ರಾದಲ್ಲಿ ‘ವೆಲ್ಡ್’ ಎಂಬುದಿದೆ. ಅದನ್ನು ಒತ್ತಿದರೆ ಎಲ್ಲ ತುಂಡು ಬೆಸೆದು ಒಂದೇ ಅಕ್ಷರ ಆಗುತ್ತದೆ. ಮಗ ಅದನ್ನು ಕಲಿತ ಮೇಲೆ ಹರಿಯುವುದು ನಿಂತಿತು.

2 ಅಡಿಗಿಂತ ದೊಡ್ಡ ಕೆಲಸ ಬಂದರೆ? ಅಕ್ಕ ಅದನ್ನು ದೊಡ್ಡ ಯಂತ್ರ ಇರುವ ಪೇಟೆಯ ಅಂಗಡಿಯಲ್ಲಿ ಕತ್ತರಿಸಿ ತರುತ್ತಾರೆ. ಅಂಟಿಸುವ ಕೂಲಿ ಅವರಿಗೇ ಉಳಿಯುತ್ತದೆ. ವಹಿ ಬರೆಯುವುದನ್ನು ಬಿಟ್ಟಿಲ್ಲ.

“ಎರಡು ಫೂಟಿಗೆ ಮೀರಿದ್ದು ತಿಂಗಳಿಗೆ ಇಪ್ಪತ್ತು ಬರಲ್ರಿ ಅಕ್ಕಾರ, ಆವಾಗ ನಾಕು ಫೂಟಿಂದು ನೋಡೂಣು,” ಎನ್ನುತ್ತಾರೆ.

ನೆನಪಿಡಿ

1. ಮೊದಲು ಕೆಲಸ ಅಳೆಯಿರಿ. ಆಮೇಲೆ ಯಂತ್ರ ಅಳೆಯಿರಿ.
2. ಕಂತಿನ ಲೆಕ್ಕಕ್ಕೆ ಕೆಟ್ಟ ತಿಂಗಳನ್ನು ಹಿಡಿಯಿರಿ.
3. ನಿಮ್ಮ ಹಾಳೆ, ನಿಮ್ಮ ಅಕ್ಷರ ಒಯ್ದು ಪರೀಕ್ಷೆ ಮಾಡಿ.
4. ಬಿಲ್ಲು, ವಾರಂಟಿ ಓದಿ ಪಡೆಯಿರಿ.

ಯೋಚಿಸಿ, ಹೇಳಿ

1. 5 ಅಡಿ ಉದ್ದ, 1 ಅಡಿ 8 ಇಂಚು ಎತ್ತರದ ಹೆಸರು 2 ಅಡಿಯ ಯಂತ್ರದಲ್ಲಿ ಬರುತ್ತದೆಯೇ?
2. ಒಂದು ಕೆಲಸಕ್ಕೆ 90 ರೂಪಾಯಿ ಉಳಿದರೆ, 2,700 ರೂಪಾಯಿ ಕಂತು ಕಟ್ಟಲು ಎಷ್ಟು ಕೆಲಸ ಬೇಕು?
3. ನೀವು ಹೊಲಿಗೆ ಯಂತ್ರವನ್ನೋ, ಶಾವಿಗೆ ಯಂತ್ರವನ್ನೋ ಕೊಳ್ಳುವುದಾದರೆ ವಹಿಯಲ್ಲಿ ಏನೇನು ಬರೆದುಕೊಳ್ಳುತ್ತೀರಿ?