ಕರಿ ಕಂಬಳಿಯ ಕುರಿ: ಒರಟು ಉಣ್ಣೆ ಹುಟ್ಟಿದ್ದೂ ಕಳೆದುಹೋಗುತ್ತಿರುವುದೂ

ಬಯಲುಸೀಮೆಯ ಕುರಿಗಾರರು ವರ್ಷಕ್ಕೆ ಎರಡು ಸಲ ಹಿಂಡಿನ ಉಣ್ಣೆ ಕತ್ತರಿಸುತ್ತಾರೆ. ಮೊದಲು ಕುರಿಗಳನ್ನು ಹಳ್ಳಕ್ಕೋ ಕೆರೆಗೋ ಇಳಿಸಿ ಮೈ ತೊಳೆಯುತ್ತಾರೆ. ಮೈ ಒಣಗಿದ ಮೇಲೆ ಒಂದೊಂದನ್ನೇ ಹಿಡಿದು ನೆಲಕ್ಕೆ ಮಲಗಿಸಿ, ಕಾಲು ಕಟ್ಟಿ, ಕಮ್ಮಾರ ಮಾಡಿಕೊಟ್ಟ ಉದ್ದ ಅಲಗಿನ ಕತ್ತರಿಯಿಂದ ಉಣ್ಣೆ ತೆಗೆಯುತ್ತಾರೆ. ಹಿಂದೆಲ್ಲ ಆ ಉಣ್ಣೆ ಮಾರಿದರೆ ಕತ್ತರಿಸಿದವನ ಕೂಲಿ ಕಳೆದು ಮನೆಗೂ ನಾಲ್ಕು ಕಾಸು ಉಳಿಯುತ್ತಿತ್ತು. ಈಗ ಬಹಳ ಕಡೆ ಕೂಲಿಯನ್ನು ಕೈಯಿಂದಲೇ ಕೊಡಬೇಕು. ಉಣ್ಣೆಯನ್ನು ಕೇಳುವವರಿಲ್ಲದೆ ಅದು ಹೊಲದ ಬದುವಿನಲ್ಲೇ ಬಿದ್ದಿರುತ್ತದೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಕುರಿ ಇದ್ದದ್ದು ನಮ್ಮಲ್ಲೇ. ಇಷ್ಟು ಕುರಿಗಳಿರುವ ನಾಡಿನಲ್ಲಿ ಉಣ್ಣೆ ಕಸವಾದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಆ ಉಣ್ಣೆ ಹುಟ್ಟಿದ ಕಥೆಯಿಂದಲೇ ಶುರು ಮಾಡಬೇಕು.

ಬರದ ನೆಲದ ತಳಿ

ಕಥೆಯ ನಾಯಕ ದಖ್ಖನಿ ಕುರಿ. ಮಹಾರಾಷ್ಟ್ರದ ಒಣ ಜಿಲ್ಲೆಗಳಿಂದ ಹಿಡಿದು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ ದಾಟಿ ತೆಲಂಗಾಣದವರೆಗೆ ಹರಡಿರುವ ತಳಿ ಇದು. ಮಹಾರಾಷ್ಟ್ರದಲ್ಲಿ ಇದರಲ್ಲೇ ಲೋಣಂದ, ಸಂಗಮನೇರಿ, ಸೊಲ್ಲಾಪುರಿ, ಕೊಲ್ಹಾಪುರಿ ಎಂಬ ಬಗೆಗಳನ್ನು ಗುರುತಿಸುತ್ತಾರೆ. ನಮ್ಮ ಬಳ್ಳಾರಿ ತಳಿಯೂ ಇದರ ಹತ್ತಿರದ ನಂಟೇ. ಕರಿ ಮೈ, ಇಲ್ಲವೇ ಕರಿ–ಬಿಳಿ–ಕಂದು ಬೆರೆತ ಮೈ, ಉಬ್ಬಿದ ಮೂಗು, ಗಟ್ಟಿ ಗೊರಸು. ದಿನವಿಡೀ ನಡೆದು, ಸಿಕ್ಕ ಒಣಹುಲ್ಲು, ಜಾಲಿಕಾಯಿ ತಿಂದು, ರಾತ್ರಿ ಯಾರದೋ ಹೊಲದಲ್ಲಿ ಮಲಗಬಲ್ಲ ಪ್ರಾಣಿ.

ಈ ನಡಿಗೆಯೇ ತಳಿಯನ್ನು ತಿದ್ದಿತು. ಬಿರು ಬೇಸಿಗೆಯಲ್ಲಿ ಹಿಂಡುಗಳು ಭತ್ತ ಕೊಯ್ದ ನೀರಾವರಿ ಗದ್ದೆಗಳ ಕಡೆಗೆ ಹೋಗುತ್ತವೆ, ಮಳೆಗಾಲಕ್ಕೆ ಮತ್ತೆ ಒಣ ಸೀಮೆಗೆ ಮರಳುತ್ತವೆ. ರೈತ ತನ್ನ ಹೊಲದಲ್ಲಿ ಕುರಿ ತರುಬಿಸಿಕೊಂಡು ಗೊಬ್ಬರ ಪಡೆಯುತ್ತಾನೆ, ಬದಲಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಈ ದಾರಿಯಲ್ಲಿ ಹಿಂದುಳಿದ ಕುರಿ ಹಿಂಡಿನಲ್ಲಿ ಉಳಿಯುತ್ತಿರಲಿಲ್ಲ. ಯಾವ ಟಗರನ್ನು ಹಿಂಡಿಗೆ ಬಿಡಬೇಕು, ಯಾವುದನ್ನು ಸಂತೆಗೆ ಹೊಡೆಯಬೇಕು ಎಂಬುದನ್ನು ಕುರಿಗಾರನೇ ತೀರ್ಮಾನಿಸುತ್ತಿದ್ದ. ಕಂಬಳಿ ನೇಯುವವರಿಗೆ ಬೇಕಾದದ್ದು ಕರಿ ಉಣ್ಣೆ. ಬಣ್ಣ ಹಾಕುವ ಖರ್ಚಿಲ್ಲ, ಕೊಳೆ ಕಾಣುವುದಿಲ್ಲ. ಕರಿ ಟಗರೇ ಗೆಲ್ಲುತ್ತಾ ಬಂತು. ಬರ ಒಂದು ಕಡೆಯಿಂದ, ಗಿರಾಕಿ ಇನ್ನೊಂದು ಕಡೆಯಿಂದ ತಲೆಮಾರುಗಟ್ಟಲೆ ಆರಿಸಿ ಉಳಿಸಿದ ಕುರಿ ಇದು.

ಒರಟು ಎಂಬುದು ಬೈಗುಳವಲ್ಲ

ಉಣ್ಣೆಯ ಎಳೆಯನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಸ್ವೆಟರಿಗೆ ಹೆಸರಾದ ಮೆರಿನೋ ಉಣ್ಣೆಯ ಎಳೆ 20 ಮೈಕ್ರಾನಿನ ಆಸುಪಾಸು ಇರುತ್ತದೆ. 30 ದಾಟಿದ ಎಳೆ ಚರ್ಮಕ್ಕೆ ಚುಚ್ಚಲು ಶುರುಮಾಡುತ್ತದೆ. ದಖ್ಖನಿ ಉಣ್ಣೆಯ ಸರಾಸರಿ 40ನ್ನೂ ಮೀರುತ್ತದೆ. ಇಳುವರಿಯೂ ಅಲ್ಪ, ಒಂದು ಕುರಿಯಿಂದ ವರ್ಷಕ್ಕೆ ಒಂದು ಕಿಲೋ ಸಿಗುವುದೂ ಕಷ್ಟ. ಈ ಅಂಕಿಗಳನ್ನಷ್ಟೇ ಮುಂದಿಟ್ಟರೆ ಯಾವ ಗಿರಣಿಯವನೂ ಇದರತ್ತ ತಿರುಗಿ ನೋಡಲಾರ.

ಆದರೆ ಅದೇ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೇರೆಯದೇ ಸಂಗತಿ ತಿಳಿಯುತ್ತದೆ. ದಖ್ಖನಿ ಉಣ್ಣೆಯಲ್ಲಿ ಬಹಳಷ್ಟು ಎಳೆಗಳ ಒಳಗೆ ಟೊಳ್ಳಾದ ತಿರುಳಿದೆ, ಅದರೊಳಗೆ ಗಾಳಿ ನಿಲ್ಲುತ್ತದೆ. ಈ ಗಾಳಿಯಿಂದಾಗಿ ಕಂಬಳಿ ರಾತ್ರಿಯ ಚಳಿಯನ್ನೂ ತಡೆಯುತ್ತದೆ, ನೆಲದ ಕಾವನ್ನೂ ತಡೆಯುತ್ತದೆ. ಎಳೆ ಗಡುಸಾಗಿರುವುದರಿಂದ ವರ್ಷಗಟ್ಟಲೆ ಹಾಸಿ ಹೊದ್ದರೂ ಬೇಗ ಸವೆಯುವುದಿಲ್ಲ. ಯಾವ ಉಣ್ಣೆಯ ಹೊರಪದರವೂ ನೀರನ್ನು ಒಲ್ಲದು, ಒಳಭಾಗ ಮಾತ್ರ ಗಾಳಿಯ ತೇವವನ್ನು ಹೀರುತ್ತದೆ. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಉಣ್ಣೆ ಒದ್ದೆಯೆನಿಸದು. ಸೋನೆ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವನು ಬೆಚ್ಚಗಿರುವುದು ಇದರಿಂದಲೇ. ಬೆಂಕಿಯ ಕಿಡಿ ಬಿದ್ದರೆ ಉಣ್ಣೆ ಕಮರಿ ನಂದುತ್ತದೆ, ನೈಲಾನಿನ ಹಾಗೆ ಕರಗಿ ಮೈಗೆ ಅಂಟುವುದಿಲ್ಲ. ಬಯಲಲ್ಲಿ ಬೆಂಕಿ ಹಾಕಿಕೊಂಡು ಅದರ ಪಕ್ಕವೇ ಮಲಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ಹಾಗಂತ ದಖ್ಖನಿ ಉಣ್ಣೆಯೆಲ್ಲ ಒಂದೇ ಗುಣದ್ದೂ ಅಲ್ಲ. ಮರಿಯಿಂದ ಮೊದಲ ಸಲ ಕತ್ತರಿಸಿದ ಜವುಳದ ಉಣ್ಣೆ ಬಲು ನಯ. ವಯಸ್ಸಾದಂತೆ ಎಳೆ ದಪ್ಪವಾಗುತ್ತದೆ. ಹಳೆಯ ಮೈಸೂರು ಸಂಸ್ಥಾನದ ಗೆಜೆಟಿಯರುಗಳು ಚಿತ್ರದುರ್ಗ ಸೀಮೆಯ ಕಂಬಳಿಗಳನ್ನು ವಿಶೇಷವಾಗಿ ಹೊಗಳುತ್ತವೆ. ಬಿದಿರಿನ ಕೊಳವೆಯೊಳಗೆ ಸುತ್ತಿಡಬಹುದಾದಷ್ಟು ನವಿರಾದ ಕಂಬಳಿಗಳಿದ್ದವು ಎಂಬ ಖ್ಯಾತಿ ಆ ಸೀಮೆಗಿತ್ತು.

ಹುಣಸೆ ಬೀಜದ ಗಂಜಿ, ಗುಂಡಿ ಮಗ್ಗ

ಉಣ್ಣೆ ಕಂಬಳಿಯಾಗುವ ಕೆಲಸ ಒಂದು ಇಡೀ ಮನೆಯದು. ಕತ್ತರಿಸಿದ ಉಣ್ಣೆಯಲ್ಲಿನ ಮುಳ್ಳು, ಕಸ ಆರಿಸಿ, ಬಣ್ಣಕ್ಕೆ ತಕ್ಕಂತೆ ಬೇರೆ ಮಾಡುತ್ತಾರೆ. ಆಮೇಲೆ ಬಿಲ್ಲಿನಿಂದ ಹಿಂಜುವುದು. ನೆಲದ ಮೇಲೆ ಹರಡಿದ ಉಣ್ಣೆಗೆ ಬಿಲ್ಲಿನ ಹೆದೆ ತಾಗಿಸಿ ಮೀಟಿದರೆ ಗಂಟುಗಂಟಾಗಿದ್ದ ಉಣ್ಣೆ ಬಿಡಿಬಿಡಿಯಾಗಿ ಹಾರಿ, ಒಂದು ಕಡೆ ಹಗುರಾಗಿ ಗುಪ್ಪೆ ಬೀಳುತ್ತದೆ. ದೂಳು, ಹೊಟ್ಟು ಕೆಳಗೆ ಉದುರುತ್ತವೆ. ಹಿಂಜಿದ ಉಣ್ಣೆಯನ್ನು ರಾಟೆಯಲ್ಲಿ ನೂಲುವುದು ಹೆಚ್ಚಾಗಿ ಮನೆಯ ಹೆಂಗಸರ ಕೆಲಸ. ಅಡುಗೆ, ಹೊಲ, ಮಕ್ಕಳ ನಡುವೆ ಸಿಕ್ಕ ಹೊತ್ತಿನಲ್ಲೇ ಒಂದು ಕಂಬಳಿಯ ನೂಲು ಸಿದ್ಧವಾಗಬೇಕು.

ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುವ ಕ್ರಮ ಈ ಕಸುಬಿನ ಗುಟ್ಟು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು, ಕುದಿಸಿ ಅಂಟು ಮಾಡುತ್ತಾರೆ. ಬೀದಿಯುದ್ದಕ್ಕೂ ಎಳೆದು ಕಟ್ಟಿದ ಹಾಸಿನ ಮೇಲೆ ಕುಂಚದಿಂದ ಆ ಗಂಜಿ ಸವರಿ ಒಣಗಿಸುತ್ತಾರೆ. ಎದ್ದು ನಿಂತಿದ್ದ ಒರಟು ಎಳೆಗಳು ನೂಲಿಗೆ ಅಂಟಿ ಮಲಗುತ್ತವೆ, ಮಗ್ಗದಲ್ಲಿ ನೂಲು ಹರಿಯುವುದಿಲ್ಲ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆದು ನೇಯುವ ಗುಂಡಿ ಮಗ್ಗದಲ್ಲಿ ಕಂಬಳಿ ಮೂಡುತ್ತದೆ. ಹೊಸ ಕಂಬಳಿ ಬಿರುಸಾಗಿರುವುದಕ್ಕೆ ಅರ್ಧ ಕಾರಣ ಉಣ್ಣೆ, ಇನ್ನರ್ಧ ಕಾರಣ ಈ ಗಂಜಿ. ಬಳಸಿದಂತೆ ಅದು ಮೆತ್ತಗಾಗುತ್ತದೆ.

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕುರಿ ಸಾಕಣೆ, ಕಂಬಳಿ ನೇಯ್ಗೆ ಎರಡನ್ನೂ ದಾಖಲಿಸಿದ್ದಾನೆ. ಆಗ ಕಂಬಳಿ ಎಂದರೆ ಕೊಡೆ, ಹಾಸಿಗೆ, ಹೊದಿಕೆ, ಕಾಳು ಕಟ್ಟುವ ಗಂಟು ಎಲ್ಲವೂ. ಬೀರಪ್ಪನ ಪೂಜೆಯಲ್ಲಿ, ಮದುವೆಯ ಶಾಸ್ತ್ರದಲ್ಲಿ ಕಂಬಳಿ ಗದ್ದುಗೆ ಹಾಕದೆ ಕೆಲಸ ಮುಂದುವರಿಯುತ್ತಿರಲಿಲ್ಲ. ಮೈಲಾರಲಿಂಗನ ಗೊರವಯ್ಯರ ಮೈಮೇಲಿನ ನಿಲುವಂಗಿ ಕರಿ ಕಂಬಳಿಯದು. ಕನಕದಾಸರ ಚಿತ್ರ ಬರೆಯುವವರು ಹೆಗಲ ಮೇಲಿನ ಕಂಬಳಿಯನ್ನು ಮರೆಯುವುದಿಲ್ಲ. ಚಳ್ಳಕೆರೆ ಕಂಬಳಿ ವ್ಯಾಪಾರದ ಹೆಸರಾಂತ ಮಾರುಕಟ್ಟೆಯಾಗಿ ಬೆಳೆಯಿತು. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರುಗಳಲ್ಲಿ ನೇಕಾರರ ಕೇರಿಗಳೇ ಇದ್ದವು.

ನಯ ಮಾಡಹೊರಟ ಕಾಲ

19ನೇ ಶತಮಾನದಲ್ಲಿ ಗಿರಣಿಗಳು ಬಂದವು. ಬೆಂಗಳೂರಿನವರು ಬಿನ್ನಿ ಮಿಲ್ ಎಂದು ಕರೆಯುತ್ತಿದ್ದ ಕಾರ್ಖಾನೆಯ ಮೂಲ ಹೆಸರಿನಲ್ಲೇ ‘ವುಲನ್’ ಇತ್ತು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಹೊದಿಕೆ ಬೇಕಾದಾಗ ಒರಟು ಉಣ್ಣೆಗೂ ಬೇಡಿಕೆ ಬಂತು. ಯುದ್ಧ ಮುಗಿದ ಮೇಲೆ ಬೇಡಿಕೆ ಇಳಿಯಿತು. ಅಷ್ಟರಲ್ಲಿ ‘ಒಳ್ಳೆಯ ಉಣ್ಣೆ’ ಎಂದರೆ ಬಿಳಿಯ, ನಯವಾದ, ಯಂತ್ರಕ್ಕೆ ಒಗ್ಗುವ ಉಣ್ಣೆ ಎಂಬ ಅಳತೆಗೋಲು ಗಟ್ಟಿಯಾಗಿತ್ತು.

ಸ್ವಾತಂತ್ರ್ಯದ ನಂತರ ಸರ್ಕಾರಗಳೂ ಅದೇ ಅಳತೆಗೋಲು ಹಿಡಿದವು. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಶುರುವಾಯಿತು. ಮೆರಿನೋ, ರಾಂಬುಲೆ ಟಗರುಗಳನ್ನು ತರಿಸಿ ನಾಟಿ ಕುರಿಗಳಿಗೆ ಬೆರೆಸುವ ಪ್ರಯೋಗಗಳು ದೇಶದ ಹಲವೆಡೆ ನಡೆದವು. ದಖ್ಖನಿಯನ್ನೂ ಬಿಡಲಿಲ್ಲ. ಫಾರ್ಮಿನ ನೆರಳಿನಲ್ಲಿ, ತೂಗಿ ಹಾಕಿದ ಮೇವಿನಲ್ಲಿ ಮಿಶ್ರತಳಿಯ ಮರಿಗಳು ನಯವಾದ ಉಣ್ಣೆ ಕೊಟ್ಟವು. ಬಿಸಿಲಲ್ಲಿ ದಿನವಿಡೀ ನಡೆಯುವ ಹಿಂಡಿಗೆ ಅವು ಹೊಂದಲಿಲ್ಲ. ಕಂಬಳಿ ನೇಯುವವನಿಗೆ ಬಿಳಿ ಉಣ್ಣೆಯಿಂದ ಲಾಭವೂ ಇರಲಿಲ್ಲ.

ಅಷ್ಟರಲ್ಲಿ ಅಗ್ಗದ ಪ್ಲಾಸ್ಟಿಕ್ ಹೊದಿಕೆ, ಅಕ್ರಿಲಿಕ್ ರಗ್ಗು, ಪಾಣಿಪತ್ತಿನ ಬ್ಲಾಂಕೆಟ್ಟು ಹಳ್ಳಿ ಸಂತೆಗೂ ಬಂದವು. ಮಾಂಸದ ಬೆಲೆ ಏರಿತು. ಕುರಿಗಾರ ಟಗರಿನ ಆಯ್ಕೆಯನ್ನು ಬದಲಿಸಿದ. ಎತ್ತರವಾಗಿ ಬೆಳೆಯುವ, ಮೈಮೇಲೆ ಉಣ್ಣೆಯಿಲ್ಲದ ನೆಲ್ಲೂರು, ಮಾಡಗ್ಯಾಳ ಟಗರುಗಳು ದಖ್ಖನಿ ಹಿಂಡುಗಳಿಗೆ ಬಂದವು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಸುಂದರಬನ ಸೀಮೆಯ ಗರೋಲೆ ಕುರಿಯಿಂದ ಅವಳಿ ಮರಿ ಹಾಕಿಸುವ ವಂಶವಾಹಿಯನ್ನು ದಖ್ಖನಿಗೆ ತಂದು ‘ನಾರಿ ಸುವರ್ಣ’ ರೂಪಿಸಿತು. ಅದರ ಗುರಿಯೂ ಮಾಂಸವೇ. ಕುರಿಗಾರನ ಲೆಕ್ಕ ತಪ್ಪಲ್ಲ, ಮರಿ ಮಾರಿದರಷ್ಟೇ ಅವನ ಮನೆ ನಡೆಯುತ್ತದೆ. ಆದರೆ ಗಿರಾಕಿ ಕೈಬಿಟ್ಟ ಗುಣ ಹಿಂಡಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಟಗರು ಬದಲಾದರೆ ಕೆಲವೇ ತಲೆಮಾರಿನ ಮರಿಗಳಲ್ಲಿ ಬೆನ್ನಿನ ಉಣ್ಣೆ ತೆಳುವಾಗುತ್ತದೆ.

ಉಣ್ಣೆಯ ಕೆಳಗಿನ ಚರ್ಮ

ಉಣ್ಣೆಯ ಲೆಕ್ಕದಲ್ಲಿ ಸೋತ ಕುರಿ ಚರ್ಮದ ಲೆಕ್ಕದಲ್ಲಿ ಗೆಲ್ಲುತ್ತದೆ. ಮೆರಿನೋದಂಥ ಕುರಿಯ ಮೈತುಂಬ ಉಣ್ಣೆಯ ಬೇರುಗಳು ಒತ್ತೊತ್ತಾಗಿರುತ್ತವೆ. ಅವುಗಳ ಜೊತೆಗೆ ಜಿಡ್ಡಿನ ಗ್ರಂಥಿಗಳೂ ಹೆಚ್ಚು. ಉಣ್ಣೆ ತೆಗೆದು ಹದ ಮಾಡಿದಾಗ ಆ ಜಾಗವೆಲ್ಲ ಸಡಿಲವಾಗಿ, ಚರ್ಮದ ಮೇಲ್ಪದರ ಕೆಳಪದರದಿಂದ ಬಿಡಿಸಿಕೊಳ್ಳುವುದುಂಟು. ಉಣ್ಣೆ ವಿರಳವಾಗಿ, ಕೂದಲು ಹೆಚ್ಚಾಗಿರುವ ಕುರಿಯ ಚರ್ಮದಲ್ಲಿ ನಾರುಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ತೆಳ್ಳಗೆ ಕೆರೆದರೂ ಹರಿಯದು, ಮೈಯೂ ನಯ. ಕೈಗವಸು, ಜಾಕೆಟ್ಟು, ಶೂಗಳ ಒಳಹಾಸಿಗೆ ಇಂಥ ಚರ್ಮವೇ ಬೇಕು. ದಖ್ಖನಿಯ ಉಣ್ಣೆ ವಿರಳವಾದ್ದರಿಂದ ಅದರ ಚರ್ಮ ಈ ಎರಡನೆಯ ಗುಂಪಿನ ಕಡೆಗೇ ವಾಲುತ್ತದೆ.

ದಕ್ಷಿಣ ಭಾರತದ ಚರ್ಮ ಹದ ಮಾಡುವವರು ಬಯಲಿನ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳನ್ನು ಬಳಸುತ್ತಿದ್ದರು. ಹಾಗೆ ಹದವಾದ ಚರ್ಮ ಮದ್ರಾಸು ಬಂದರಿನಿಂದ ಯುರೋಪಿಗೆ ಹೋಗುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಕ್ರೋಮಿಯಂ ಲವಣ ಬಳಸುವ ಕ್ರೋಮ್ ಹದವನ್ನು ಬೆಳೆಸಿದರು. ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೂ ಬಂದರು. 1948ರಲ್ಲಿ ಮದ್ರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹುಟ್ಟಿತು. 1970ರ ದಶಕದಲ್ಲಿ ಅರೆಹದದ ಚರ್ಮದ ರಫ್ತಿಗೆ ಕಡಿವಾಣ ಬಿದ್ದು ಸಿದ್ಧ ವಸ್ತುಗಳತ್ತ ಉದ್ಯಮ ತಿರುಗಿತು.

ಅಲೆಮಾರಿ ಬದುಕಿನ ಗುರುತುಗಳು ಮಾತ್ರ ಚರ್ಮದ ಮೇಲೆ ಉಳಿಯುತ್ತವೆ. ಜಾಲಿ, ಕಾರೆ ಮುಳ್ಳಿನ ಗೀರು, ಸಿಡುಬಿನ ಕಲೆ, ಉಣ್ಣೆ ಕತ್ತರಿಸುವಾಗ ತಗುಲಿದ ಗಾಯ, ಸುಲಿಯುವಾಗಿನ ಚೂರಿ ಗುರುತು, ಹೊತ್ತಿಗೆ ಸರಿಯಾಗಿ ಉಪ್ಪು ಹಾಕದೆ ಕೊಳೆತ ಅಂಚು. ಒಂದೊಂದೂ ಬೆಲೆ ಇಳಿಸುತ್ತದೆ. ಚರ್ಮ ಹಳ್ಳಿಯಿಂದ ಕೈ ಬದಲಾಗುತ್ತಾ ಹೋಗುವುದರಿಂದ ಒಳ್ಳೆಯ ಚರ್ಮದ ಲಾಭ ಕುರಿಗಾರನಿಗೆ ಮುಟ್ಟುವುದೇ ಇಲ್ಲ. ಅವನು ಕುರಿಯನ್ನು ಜೀವಂತ ಮಾರುತ್ತಾನೆ, ಚರ್ಮದ ಬೆಲೆ ಆ ಮಾತಿನಲ್ಲಿ ಬರುವುದಿಲ್ಲ.

ಉಳಿಯುವ ದಾರಿ

2025ರಲ್ಲಿ ದಖ್ಖನಿ ಉಣ್ಣೆಯ ಕಥೆ ಹೇಳುವ ‘ದೇಸಿ ಊನ್’ ಎಂಬ ಪುಟ್ಟ ಅನಿಮೇಷನ್ ಚಿತ್ರ ಫ್ರಾನ್ಸಿನ ಆನೆಸಿ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಒರಟು ಉಣ್ಣೆಯಿಂದ ನೆಲಹಾಸು, ಚೀಲ, ಗೋಡೆಗೆ ಶಬ್ದ ತಡೆಯುವ ಹಲಗೆ, ತಾರಸಿಗೆ ಶಾಖ ತಡೆಯುವ ಹಾಸು ಮಾಡುವ ಪ್ರಯತ್ನಗಳೂ ನಡೆದಿವೆ. ಇವೆಲ್ಲ ಸರಿಯಾದ ದಿಕ್ಕಿನ ಹೆಜ್ಜೆಗಳು. ಇಲ್ಲಿ ಯಾರೂ ಈ ಉಣ್ಣೆಯನ್ನು ಮೆರಿನೋ ಮಾಡಲು ಹೊರಟಿಲ್ಲ. ಗಡುಸು, ಟೊಳ್ಳು ಎಳೆ, ಬಾಳಿಕೆ, ಬೆಂಕಿಗೆ ಅಂಜದ ಗುಣ ಬೇಕಾಗುವ ಕಡೆಗೆ ಅದನ್ನು ಒಯ್ಯುತ್ತಿದ್ದಾರೆ.

ಸನ್ಮಾನದ ವೇದಿಕೆಯಲ್ಲಿ ಗಣ್ಯರ ಹೆಗಲಿಗೆ ಹೊದಿಸಲು ನಮಗೆ ಇವತ್ತಿಗೂ ಕರಿ ಕಂಬಳಿ ಬೇಕು. ಆದರೆ ವರ್ಷಕ್ಕೆ ಅಂಥ ನಾಲ್ಕಾರು ಸಮಾರಂಭಗಳಿಂದ ಒಂದು ತಳಿ ಉಳಿಯುವುದಿಲ್ಲ. ವಸತಿಶಾಲೆಗಳಿಗೆ, ಆಸ್ಪತ್ರೆಗಳಿಗೆ, ಪೊಲೀಸ್ ಪಡೆಗೆ ಹಾಸು–ಹೊದಿಕೆ ಕೊಳ್ಳುವ ಸರ್ಕಾರ ಅದರಲ್ಲೊಂದು ಪಾಲನ್ನು ದಖ್ಖನಿ ಉಣ್ಣೆಗೆ ಮೀಸಲಿಡಬೇಕು. ಊರ ಹತ್ತಿರ ಉಣ್ಣೆ ಕೊಳ್ಳುವ ಕೇಂದ್ರ ತೆರೆದು, ಕತ್ತರಿಸಿದವನ ಕೂಲಿಯಾದರೂ ಗಿಟ್ಟುವಂತೆ ಬೆಲೆ ಕೊಡಬೇಕು. ಓದುಗರೂ ಒಂದು ಕೆಲಸ ಮಾಡಬಹುದು. ಕಂಬಳಿ ಕೊಳ್ಳುವಾಗ ನೂಲು ಕೈರಾಟೆಯದೇ, ಉಣ್ಣೆ ದಖ್ಖನಿಯದೇ ಎಂದು ಕೇಳಿ. ಹೌದಾದರೆ ಚೌಕಾಸಿ ಮಾಡದೆ ಕೊಳ್ಳಿ. ಗಿರಾಕಿ ಇದ್ದಷ್ಟು ಕಾಲ ಕುರಿಗಾರ ಕರಿ ಟಗರನ್ನು ಹಿಂಡಿನಲ್ಲಿ ಇಟ್ಟುಕೊಳ್ಳುತ್ತಾನೆ, ಗಿರಾಕಿ ಇಲ್ಲವಾದರೆ ಅದನ್ನು ಸಂತೆಗೆ ಹೊಡೆಯುತ್ತಾನೆ.